ಅವರ ಪರವಾಗಿ ನಾನು ಹೂಂ ಅನ್ನಲಿಲ್ಲ

ಕಳೆದ ಶ್ರಾವಣದಲ್ಲಿ ಬೊರಿವಲಿಯ ಹೊಸ ಬಿಲ್ಡಿಂಗೊಂದರಲ್ಲಿ ಟೈಲ್ಸ್ ಕೂರಿಸುತ್ತಿದ್ದ ನನ್ನ ಯಜಮಾನರು ಸಂಗಪ್ಪನವರು ತಲೆ ಹಿಡಿದುಕೊಂಡು ಕೂತರು, ಮತ್ತೆ ಏಳಲಿಲ್ಲ. ಪರೇಲಿನ ಆಸ್ಪತ್ರೆಗೆ ಒಯ್ದೆವು. ಮೆದುಳಿನಲ್ಲಿ ರಕ್ತನಾಳ ಒಡೆದಿದೆ, ಜೀವ ಉಳಿದರೂ ಮಾತು ಬರುವುದು ಅನುಮಾನ ಎಂದರು ಡಾಕ್ಟರು.

ವಿಶ್ವಾಸಿಗಳಾದ ಅಕ್ಕ ಅಣ್ಣಂದಿರೇ, ನಮ್ಮ ಸಂಸಾರ ನಿಮಗೆಲ್ಲ ಗೊತ್ತಿರಲಿಕ್ಕಿಲ್ಲ. ನಾನು ಗದಗಿನ ಕ್ರೈಸ್ತರ ಮನೆಯ ಮಗಳು. ಯಜಮಾನರು ವಿಜಯಪುರದ ಕಡೆಯ ಹಿಂದೂ. ಮೆಚ್ಚಿ ರಿಜಿಸ್ಟರ್ ಮದುವೆಯಾದೆವು. ಪ್ರತಿ ಭಾನುವಾರ ನನ್ನನ್ನು ಚರ್ಚಿನ ಗೇಟಿಗೆ ಬಿಟ್ಟು ತಾವು ಎದುರಿನ ಚಹಾದಂಗಡಿಯಲ್ಲಿ ಕೂರುತ್ತಿದ್ದರು. ಒಳಗೆ ಬನ್ನಿ ಎಂದರೆ, ನಿಮ್ಮ ಹಾಡು ಇಲ್ಲಿಗೂ ಕೇಳಿಸುತ್ತದೆ, ಈ ಚಹಾ ಅಲ್ಲಿ ಸಿಗುವುದಿಲ್ಲ ಅನ್ನುತ್ತಿದ್ದರು.

ನನ್ನನ್ನು ಸಾಕಿದ ದೊಡ್ಡವ್ವ ದಾದರಿನಲ್ಲಿದ್ದಾಳೆ. ಸುದ್ದಿ ಕೇಳಿದವಳೇ ನಮ್ಮ ಸಭೆಯ ಪಾದ್ರಿ ಅಯ್ಯನವರನ್ನು ಕರೆದುಕೊಂಡು ಬಂದಳು. ಚೀಲದಲ್ಲಿ ಒಂದು ಸಣ್ಣ ಬಾಟಲಿ ನೀರು. ಇವರಿಗೆ ಪ್ರಜ್ಞೆಯಿಲ್ಲ, ಇವರ ಪರವಾಗಿ ಹೆಂಡತಿ ಒಪ್ಪಿದರೆ ದೀಕ್ಷಾಸ್ನಾನ ಕೊಟ್ಟು ಸಭೆಗೆ ಸೇರಿಸಿಕೊಳ್ಳುತ್ತೇನೆ ಎಂದು ಅಯ್ಯನವರು ಮೆತ್ತಗೆ ಹೇಳಿದರು. ನಾನು ಒಪ್ಪಲಿಲ್ಲ.

“ಹಿಂಗ ಹೋದ್ನಂದ್ರ ಅವನ ಆತ್ಮದ ಗತಿ ಏನವ್ವಾ?” ಎಂದಳು ದೊಡ್ಡವ್ವ. “ಅದು ನಿನ್ನ ತಲೀ ಮ್ಯಾಲ.”

“ದೊಡ್ಡವ್ವಾ, ನಮ್ಮ ಮದುವ್ಯಾಗ ಸರ್ಕಾರದ ಗುಮಾಸ್ತ ಸೈತ ಇವ್ರಿಗೆ ಒಪ್ಪಿಗಿ ಐತೋ ಇಲ್ಲೋ ಅಂತ ಬಾಯಿಬಿಟ್ಟು ಕೇಳಿದ. ನಮ್ಮ ದೇವ್ರಿಗೆ ಅಷ್ಟೂ ಮರ್ಯಾದಿ ಇಲ್ಲೇನು?”

ಅಯ್ಯನವರು ಬಾಟಲಿ ಹೊರಗೆ ತೆಗೆಯದೆ ಎದ್ದರು. ದೊಡ್ಡವ್ವ ನನ್ನ ಕೂಡ ಮಾತು ಬಿಟ್ಟಳು.

ಧೈರ್ಯದಿಂದ ಹೇಳಿದೆ ಅಂತ ತಿಳಿಯಬೇಡಿ. ಆ ದಿನ ಮನೆಗೆ ಮರಳುವಾಗ ದಾದರಿನಲ್ಲಿ ಲೋಕಲ್ ಗಾಡಿ ಬದಲಿಸಿದೆ. ಲೇಡೀಸ್ ಡಬ್ಬಿಯ ತುಂಬ ಗಣಪತಿ ಹಬ್ಬದ ಸಂತೆ ಮುಗಿಸಿದ ಹೆಂಗಸರು, ಅವರ ಹೂವು, ತೋರಣ. ಯಾರೋ ಒಬ್ಬ ತಾಯಿ ನನ್ನ ಮುಖ ನೋಡಿ ಎದ್ದು ಜಾಗ ಕೊಟ್ಟಳು. ಕೂತವಳೇ ಸೆರಗು ಮುಖಕ್ಕೆ ಹಿಡಿದು ಅತ್ತೆ. ನಾಳೆ ಇವರು ಇರದಿದ್ದರೆ, ನಾನೇ ಪರಲೋಕದ ಬಾಗಿಲು ಹಾಕಿದ ಹಾಗಾಯಿತಲ್ಲ ಅನ್ನಿಸಿತು. ಆಮೇಲೆ ಸಿಟ್ಟು ಬಂತು. ಪ್ರಾರ್ಥನೆ ಅನ್ನಿ, ಜಗಳ ಅನ್ನಿ, ಹೀಗೆ ಕೇಳಿದೆ: “ಕರ್ತನೇ, ಅವರ ಬಾಯಿ ಅವರಿಗೆ ವಾಪಸ್ ಕೊಡು. ಆ ಬಾಯಿಂದ ನಿನ್ನನ್ನೇ ಬೇಡ ಅಂದರೂ ಅನ್ನಲಿ. ಮೊದಲು ಬಾಯಿ ಕೊಡು, ಆಮೇಲೆ ನೀನುಂಟು, ಅವರುಂಟು.”

ಹಬ್ಬ ಮುಗಿಯುವುದರೊಳಗೆ ಅವರು ಕಣ್ಣು ಬಿಟ್ಟರು. ಗಂಟಲಿಗೆ ಹಾಕಿದ್ದ ನಳಿಗೆ ತೆಗೆದು ವಾರ್ಡಿಗೆ ತಂದರು. ಆದರೆ ಬಲಗೈ ಏಳದು, ಮಾತಿಲ್ಲ. ನನ್ನ ಹೆಸರು ಹೇಳಿ ಎಂದರೆ ತುಟಿ ಅಲುಗಿ ನಿಲ್ಲುತ್ತಿತ್ತು. ವಾರಗಟ್ಟಲೆ ಹಾಗೇ. ಇನ್ನು ಇಷ್ಟೇ ಇರಬಹುದು ಎಂದರು ಡಾಕ್ಟರು.

ಆಗ ದೊಡ್ಡವ್ವ ಮತ್ತೆ ಅಯ್ಯನವರೊಂದಿಗೆ ಬಂದಳು. ಈಗ ಪ್ರಜ್ಞೆ ಇದೆ, ಅವನನ್ನೇ ಕೇಳೋಣ ಎಂದು ಅವಳ ವಾದ. ಅದಕ್ಕೆ ನಾನು ಅಡ್ಡ ಬರಲಿಲ್ಲ. ಅಯ್ಯನವರು ಯೇಸುವಿನ ವಿಷಯ ನಾಲ್ಕು ಮಾತು ಹೇಳಿ, ದೀಕ್ಷಾಸ್ನಾನ ಬೇಕೇ ಎಂದು ಕೇಳಿದರು. ಉತ್ತರ ಹೇಗೆ ಹೇಳಬೇಕೆಂಬ ದಾರಿಯನ್ನು ದೊಡ್ಡವ್ವನೇ ತೋರಿಸಿದಳು: “ಕಣ್ಣು ಮುಚ್ಚಿದ್ರ ಹೂಂ ಅಂತ ತಿಳ್ಕೋತೀವಪ್ಪಾ.”

ಇವರು ಕಣ್ಣು ಅಗಲಿಸಿದರು. ರೆಪ್ಪೆ ಬಡಿಯಲೇ ಇಲ್ಲ. ದೊಡ್ಡವ್ವನೂ ಸೋಲಲಿಲ್ಲ, ಮುಖದ ಹತ್ತಿರ ಬಗ್ಗಿ ಕಾದಳು. ಇಬ್ಬರೂ ಪಂತ ಕಟ್ಟಿದವರ ಹಾಗೆ. ಇವರ ಕಣ್ಣಿಂದ ನೀರು ಸುರಿಯತೊಡಗಿತು, ಇನ್ನೇನು ಮುಚ್ಚಬೇಕು. ಅಷ್ಟರಲ್ಲಿ ಗಂಟಲಿನಿಂದ ಗೊರಗೊರ ಸದ್ದು ಬಂತು. ಅದರ ಹಿಂದೆಯೇ ಮಾತು:

“ಬ್ಯಾಡ.”

ದೊಡ್ಡವ್ವ ಹಣೆ ಬಡಿದುಕೊಂಡಳು. ನಾನು ಸ್ತೋತ್ರ ಸ್ತೋತ್ರ ಅನ್ನುತ್ತ ನಕ್ಕೆ, ಅತ್ತೆ. ನರ್ಸಮ್ಮ ಓಡಿಬಂದು “ಕ್ಯಾ ಬೋಲಾ? ಪೇಶಂಟ್ ಬೋಲಾ ಕ್ಯಾ?” ಎಂದು ಡಾಕ್ಟರನ್ನು ಕರೆತಂದಳು.

ಮಾತು ಒಂದೊಂದಾಗಿ ಹಿಂದಿರುಗಿತು. ಮನೆಗೆ ಬಂದ ಮೇಲೆ ಅವರೇ ಹೇಳಿದರು: “ಸಾವಿಗೆ ಹೆದರಿ ಬಂದಾಂವ ಅಂತ ನಿನ್ನ ದೇವ್ರು ತಿಳ್ಕೋಬಾರದು. ಬರೂದಿದ್ರ ನಡಕೊಂತ ಬರ್ತೀನಿ.” ಕೋಲು ಹಿಡಿದೂ ನಾಲ್ಕು ಹೆಜ್ಜೆ ಇಡಲಾಗದ ಮನುಷ್ಯನ ಸೊಕ್ಕು ನೋಡಿ.

ನಮ್ಮ ಸಭೆಯ ಹಿರಿಯರೊಬ್ಬರು, ದೇವರು ಮಾಡಿದ್ದನ್ನು ಹೀಗೆ ಎಲ್ಲರ ಮುಂದೆ ಸಾಕ್ಷಿ ಹೇಳುವುದು ಈಗ ಬೇಡ, ಗಂಡ ದೀಕ್ಷಾಸ್ನಾನ ಪಡೆಯಲಿ, ಆಗ ಪೂರ್ತಿಯಾಗುತ್ತದೆ ಎಂದರು. ನಾನು ಕಾಯುವುದಿಲ್ಲ. ನಾನು ಬೇಡಿದ್ದು ನನಗೆ ಪೂರ್ತಿ ಸಿಕ್ಕಿದೆ. ನಾವು ಕೇಳುವ ಮೊದಲೇ ಕೃಪೆ ಬರುತ್ತದೆಂದು ನಂಬುವವರು ನಾವು. ಅದು ಬಂತು, ಬೇಡ ಅನ್ನುವ ಬಾಯಿಯನ್ನೂ ಅದೇ ಕೊಟ್ಟಿತು. ಇಷ್ಟು ದೊಡ್ಡ ಮನಸ್ಸಿನ ದೇವರು ಇನ್ನೆಲ್ಲಿದ್ದಾನೆ? ಹೂಂ ಅನ್ನುವುದಿದ್ದರೆ ಅದೂ ಅದೇ ಬಾಯಿಂದ ಬರಬೇಕು, ನನ್ನದರಿಂದಲ್ಲ.

ಮೊದಲು ನಾನು ಅವರನ್ನು ಒಳಗೆ ತಂದುಬಿಡು ಎಂದು ಪ್ರಾರ್ಥಿಸುತ್ತಿದ್ದೆ. ಈಗ ಅವರು ಪಕ್ಕದಲ್ಲಿ ಕೂತು ಕೇಳುವ ಹಾಗೆ ಗಟ್ಟಿಯಾಗಿ ಪ್ರಾರ್ಥಿಸುತ್ತೇನೆ: ಕರ್ತನೇ, ನಿನಗೆ ಸ್ತೋತ್ರ. ಇವರನ್ನು ಎಳೆಯಬೇಡ. ಬಿಡಲೂ ಬೇಡ.