ಹುಣಸೆಮರದ ಹತ್ತಿರ ನಿಂತ ಬಸ್ಸು

ಚನ್ನರಾಯಪಟ್ಟಣದ ಆ ಪುಟ್ಟ ಕ್ರೈಸ್ತ ಸಭೆಯಲ್ಲಿ ನೀಲಗಂಗಮ್ಮನ ಸಾಕ್ಷಿ ಬಾಯಿಪಾಠವಾಗಿರದವರು ಯಾರೂ ಇರಲಿಲ್ಲ. ಭಾನುವಾರದ ಆರಾಧನೆಯಲ್ಲಿ ಹಾಡು ಮುಗಿದ ಮೇಲೆ, ದೇವರು ತಮ್ಮ ಬಾಳಿನಲ್ಲಿ ಮಾಡಿದ್ದನ್ನು ಎದ್ದು ನಿಂತು ಹೇಳುವುದು ಅಲ್ಲಿಯ ರೂಢಿ. ಅದಕ್ಕೇ ಸಾಕ್ಷಿ ಅನ್ನುತ್ತಾರೆ. ಕೆಲವರು ನೆಗಡಿ ವಾಸಿಯಾದದ್ದನ್ನೂ ಹೇಳುತ್ತಾರೆ. ಕೆಲವರು ಸೊಸೆಯ ಮೇಲಿನ ಚಾಡಿಯನ್ನು ಸಾಕ್ಷಿಯ ಹೆಸರಿನಲ್ಲಿ ಹೇಳಿ ಹಗುರಾಗಿ ಕೂರುತ್ತಾರೆ. ನೀಲಗಂಗಮ್ಮ ಎದ್ದರೆ ಮಾತ್ರ ಮೊಬೈಲು ಉಜ್ಜುತ್ತಿದ್ದವರೂ ತಲೆ ಎತ್ತುತ್ತಿದ್ದರು.

ಅವಳ ಸಾಕ್ಷಿ ಇಷ್ಟೇ. ಇಪ್ಪತ್ತೆರಡು ವರ್ಷದ ಹಿಂದೆ ಗಂಡ ಸತ್ತ. ತಿಥಿ ಮುಗಿಯುವುದನ್ನೇ ಕಾಯುತ್ತಿದ್ದ ಗಂಡನ ಮನೆಯವರು ಸಂಕ್ರಾಂತಿಯ ಮಾರನೆಯ ದಿನ ಅವಳನ್ನೂ ಎರಡು ವರ್ಷದ ಮಗಳನ್ನೂ ಹೊರಗೆ ಹಾಕಿದರು. ಶಾಂತಿಗ್ರಾಮದ ಆಚೆ, ಹೆದ್ದಾರಿ ಪಕ್ಕದ ಹುಣಸೆಮರದ ಕೆಳಗೆ, ಎಲ್ಲಿಗೆ ಹೋಗಬೇಕೆಂದು ತಿಳಿಯದೆ ನಿಂತಿದ್ದಳು. ಅಲ್ಲಿ ಯಾವ ಬಸ್ಸೂ ನಿಲ್ಲುವುದಿಲ್ಲ. ಆದರೆ ಅವತ್ತು ಒಂದು ಎಕ್ಸ್‌ಪ್ರೆಸ್ ಬಸ್ಸು ಅವಳು ಕೈ ಅಡ್ಡ ಹಾಕದಿದ್ದರೂ ನಿಂತಿತು. ಹಿರೀಸಾವೆಯ ಹೋಟೆಲಿನಲ್ಲಿ ಇಳಿದಳು. ಅಲ್ಲಿ ರುಬ್ಬುವ ಕೆಲಸ ಸಿಕ್ಕಿತು, ಅಡುಗೆಮನೆಯ ಪುಷ್ಪಾವತಿಯ ಕೈ ಹಿಡಿದು ಸಭೆಗೆ ಬಂದಳು, ಯೇಸುವನ್ನು ಕಂಡಳು. "ಬಸ್ಸು ನಿಲ್ಸಿದ ದ್ಯಾವ್ರು ನನ್ನ ಕೈ ಬುಡಾಕಿಲ್ಲ" ಎಂದು ಮುಗಿಸುತ್ತಿದ್ದಳು. ಸಭೆಯೆಲ್ಲ "ಸ್ತೋತ್ರ" ಅನ್ನುತ್ತಿತ್ತು.

ಈ ಮಾತು ಅವಳಿಗೆ ಬರೀ ಕತೆಯಾಗಿರಲಿಲ್ಲ, ಊರುಗೋಲಾಗಿತ್ತು. ಮಗಳು ಸೌಜನ್ಯಳಿಗೆ ಟೈಫಾಯ್ಡ್ ಆದಾಗ, ಹೋಟೆಲು ಆರು ತಿಂಗಳು ಮುಚ್ಚಿದಾಗ, ಅದನ್ನೇ ಹಿಡಿದು ನಿಂತವಳು. ಈಗ ಎದೆಯಲ್ಲಿ ಗಂಟು ಬಂದಿದೆ, ಹಾಸನದಲ್ಲಿ ಆಪರೇಷನ್ ನಿಗದಿಯಾಗಿದೆ. ಪಾಸ್ಟರ್ ದಿಲೀಪ್, "ಹಿಂದೆ ನಡೆಸಿದ್ದನ್ನ ನೆನಸ್ಕೊಳಿ ಅಕ್ಕ, ಮುಂದಕ್ಕೆ ಬಲ ಅಲ್ಲಿಂದಲೇ ಬರುತ್ತೆ" ಎಂದು ಮತ್ತೊಮ್ಮೆ ಸಾಕ್ಷಿ ಹೇಳಿಸಿ, ವಿಡಿಯೋ ಮಾಡಿ ಊರೂರಿಗೆ ಹರಿಯಬಿಟ್ಟರು.

ಮಂಗಳವಾರ ಮಧ್ಯಾಹ್ನ ಹೋಟೆಲಿನ ಹಿಂಬಾಗಿಲಿಗೆ ಅರವತ್ತು ದಾಟಿದ ಹೆಂಗಸೊಬ್ಬಳು ಬಂದು ನಿಂತಳು. ವಿಡಿಯೋ ನೋಡಿ ಪ್ರಾರ್ಥನೆ ಕೇಳಿಕೊಂಡು ಬರುವವರು ಆಗಲೇ ಇಬ್ಬರು ಮೂವರು ಬಂದಿದ್ದರು. ಇವಳೂ ಅಂಥವಳೇ ಎಂದುಕೊಂಡ ನೀಲಗಂಗಮ್ಮ ಹಿಟ್ಟಿನ ಕೈಯಲ್ಲೇ ಮಣೆ ತಳ್ಳಿದಳು.

"ಬನ್ನಿ ಕೂತ್ಕಳಿ ಅಕ್ಕ. ಪ್ರಾರ್ಥ್‌ನೆಗೆ ಬಂದ್ರಾ?"

"ಕೂರಾಕ್ ಬಂದಿಲ್ಲ. ನಾನು ಅರಕಲಗೂಡಿನೋಳು, ಬೈರಮ್ಮ ಅಂತ. ನಿಮ್ ದ್ಯಾವ್ರು ನಿಲ್ಸಿದ್ನಲ್ಲ ಬಸ್ಸು, ಅದ್ರ ಕಂಡಕ್ಟ್ರು ಚಂದ್ರಯ್ಯ ನನ್ ಯಜಮಾನ್ರು."

ನೀಲಗಂಗಮ್ಮನ ಕೈ ಹಿಟ್ಟಿನಲ್ಲೇ ನಿಂತಿತು.

"ಉಣಸೇಮರ, ಸಂಕ್ರಾಂತಿ ಮಾರ್ನೇ ದಿನ, ಕಂಕುಳಲ್ಲಿ ಮಗ, ಎಲ್ಲಾ ಸರ್ಯಾಗೇ ಯೋಳಿದ್ರಿ," ಎಂದಳು ಬೈರಮ್ಮ. "ಚೆಕಿಂಗ್ ಜೀಪು ಬಂದಿದ್ದು ಮಾತ್ರ ಬುಟ್ಬುಟ್ರಿ. ಮರ್ತೋಯ್ತಾ?"

ಮರೆತಿರಲಿಲ್ಲ. ಅದನ್ನು ಮರೆಯುವುದಕ್ಕೆಂದೇ ಉಳಿದದ್ದನ್ನು ಅಷ್ಟು ಸಲ ಹೇಳಿದ್ದಳೋ ಏನೋ. ಅವತ್ತು ಚಂದ್ರಯ್ಯ ಸೀಟಿ ಊದಿ ಬಸ್ಸು ನಿಲ್ಲಿಸಿ, "ಬಸ್ ಅತ್ತವ್ವ, ಬಿಸ್ಲಲ್ಲಿ ಮಗಾನ ಯಾಕ್ ಒಣಗಿಸ್ತೀಯ" ಎಂದು ಕರೆದಿದ್ದ. ದುಡ್ಡಿಲ್ಲ ಎಂದಾಗ ಸುಮ್ಮನೆ ಹಿಂದಿನ ಸೀಟು ತೋರಿಸಿದ್ದ. ಚನ್ನರಾಯಪಟ್ಟಣ ಇನ್ನೂ ಸ್ವಲ್ಪ ದೂರವಿರುವಾಗ ಜೀಪು ಅಡ್ಡ ಬಂತು. ಟಿಕೆಟ್ ತಪಾಸಣೆಯವರು ಹತ್ತಿ ಅವಳನ್ನು ಕೇಳಿದರು. ಟಿಕೆಟ್ ಇಲ್ಲ. "ದುಡ್ ಕೊಟ್ಟಿದ್ಯೇನಮ್ಮ? ಕೊಟ್ಟಿಲ್ಲ ಅಂದ್ರೆ ಕೇಸ್ ನಿನ್ಮೇಲೆ." ಅವಳು ಮಗಳನ್ನು ಅವುಚಿಕೊಂಡು, ಚಂದ್ರಯ್ಯನ ಕಡೆ ನೋಡದೆ, "ಕೊಟ್ಟಿದೀನಿ ಸಾ" ಅಂದಳು. ಆ ಒಂದು ಮಾತಿಗೆ ಅವನು ಪ್ರಯಾಣಿಕಳ ದುಡ್ಡು ನುಂಗಿದ ಕಳ್ಳನಾದ. ಎದುರು ಮಾತಾಡಲಿಲ್ಲ. ಕಾಗದದ ಮೇಲೆ ಸಹಿ ಹಾಕಿದ. ಹಿರೀಸಾವೆಯಲ್ಲಿ ಬಸ್ಸು ಊಟಕ್ಕೆ ನಿಂತಾಗ ಅವನೇ ಒಳಗೆ ಹೋಗಿ, "ಈಯಮ್ಮಂಗೆ ಏನಾರ ಕೆಲ್ಸ ಇದ್ರೆ ನೋಡವ್ವ" ಎಂದು ಪುಷ್ಪಾವತಿಗೆ ಹೇಳಿಹೋದ. ಇಷ್ಟನ್ನೂ ನೀಲಗಂಗಮ್ಮ ಇಪ್ಪತ್ತೆರಡು ವರ್ಷದಲ್ಲಿ ಒಂದೇ ಒಂದು ಸಲ ಬಾಯಿಬಿಟ್ಟು ಹೇಳಿರಲಿಲ್ಲ. ಮಹಿಮೆ ದೇವರಿಗೇ ಸಲ್ಲಬೇಕು, ಮನುಷ್ಯರ ಹೆಸರು ಎತ್ತಬಾರದು ಎಂದು ಸಭೆಯವರು ಕಲಿಸಿದ್ದರು. ಆ ಪಾಠ ಅವಳಿಗೆ ಎಷ್ಟು ಅನುಕೂಲವಾಗಿ ಒದಗಿತ್ತು!

"ಕೆಲ್ಸ ಓಯ್ತು," ಎಂದಳು ಬೈರಮ್ಮ. "ಒಗೆಸೊಪ್ಪು ಬೇಯ್ಸೋ ಬ್ಯಾರನ್ ಮನೇಲಿ ಒಲೆಗೆ ಸೌದೆ ಒಟ್ಟಿ ಒಟ್ಟಿ ಜೀವ ಸವೆಸಿದ್ರು. ಕಳ್ ಕಂಡಕ್ಟ್ರು ಅಂತ ನಮ್ಮೂರಲ್ಲಿ ಈಗ್ಲೂ ಅಂತಾರೆ. ಸತ್ತು ನಾಕು ವರ್ಸ ಆಯ್ತು."

"ನನ್ನ ಬಯ್ಕಂಡ್ರಾ?"

"ಬಯ್ದಿದ್ರೆ ನಂಗೆ ಸಮಾಧಾನ ಆಗಿರೋದು. ಪಾಪ, ಎದ್ರಕಂಡಿದ್ಲು ಕಣೆ ಅಂತಿದ್ರು." ಬೈರಮ್ಮ ಹೊರಡಲು ತಿರುಗಿ ನಿಂತಳು. "ಒಸಿ ಅದ್ನೂ ಯೋಳಿ ನಿಮ್ ಸಾಕ್ಷೀಲಿ. ಅವ್ರ ಎಸ್ರು ಇಡ್ದು ಯೋಳಿ. ನಮ್ಮೂರೋರು ಕೇಳ್ಲಿ."

ತನ್ನ ಫೋನ್ ನಂಬರು ಬರೆಸಿ, ಕೊಟ್ಟ ಕಾಫಿ ಮುಟ್ಟದೆ ಹೋದಳು.

ಅಂದಿನಿಂದ ನೀಲಗಂಗಮ್ಮನಿಗೆ ಪ್ರಾರ್ಥನೆ ನಾಲಿಗೆಗೆ ಬರಲಿಲ್ಲ. ಮೊಣಕಾಲೂರಿ "ಬಸ್ಸು ನಿಲ್ಸಿದ ದ್ಯಾವ್ರೇ" ಎನ್ನುವಷ್ಟರಲ್ಲಿ ಜೀಪು ಬಂದು ನಿಲ್ಲುತ್ತಿತ್ತು. ಆಪರೇಷನ್ನಿಗೆ ಇನ್ನು ಒಂಬತ್ತು ದಿನ. ಹಿಡಿದು ನಿಲ್ಲಲು ಇದ್ದದ್ದು ಅದೊಂದೇ ನೆನಪು, ಅದೂ ಅರ್ಧ ಸುಳ್ಳು. ಹೀಗಾದರೆ ಚಾಕುವಿನ ಕೆಳಗೆ ಯಾರ ಕೈ ಹಿಡಿದು ಮಲಗುವುದು? ಪಾಸ್ಟರಿಗೆ ಫೋನು ಮಾಡಿ, ನಡೆದದ್ದನ್ನು ಸಭೆಯಲ್ಲಿ ಹೇಳಿಬಿಡುತ್ತೇನೆ ಎಂದಳು. ಅವರು ಕೆಟ್ಟವರಲ್ಲ. ಆದರೆ ವಿಡಿಯೋವನ್ನು ಆಗಲೇ ಒಂಬತ್ತು ಸಾವಿರ ಜನ ನೋಡಿದ್ದರು.

"ಆಪರೇಷನ್ ಮುಗೀಲಿ ಅಕ್ಕ, ಆಮೇಲೆ ನೋಡೋಣ. ಈಗ ಹೇಳಿದ್ರೆ ಹೊಸ ವಿಶ್ವಾಸಿಗಳು ಎಡವ್ತಾರೆ. ದೇವರು ಕ್ಷಮಿಸಿ ಆಗಿದೆಯಲ್ಲ."

ದೇವರ ಪರವಾಗಿ ಫೋನಿನಲ್ಲೇ ಲೆಕ್ಕ ಚುಕ್ತಾ ಮಾಡಿಬಿಟ್ಟರು. ನೀಲಗಂಗಮ್ಮನಿಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಮಗಳಿಗೆ ಎಲ್ಲವನ್ನೂ ಹೇಳಿದಳು. ಸೌಜನ್ಯ ಈಗ ಪಟ್ಟಣದಲ್ಲಿ ನರ್ಸರಿ ಮಕ್ಕಳ ಟೀಚರು. ಅಮ್ಮನ ಸಾಕ್ಷಿಯಲ್ಲಿ ಕಂಕುಳ ಕೂಸಾಗಿ ಬರುವುದು ಅವಳಿಗೆ ಚಿಕ್ಕಂದಿನಿಂದ ಹೆಮ್ಮೆ. ಪಾಸ್ಟರು ಮಾಡಿದ ವಿಡಿಯೋವನ್ನು ಮತ್ತೊಮ್ಮೆ ಪೂರ್ತಿ ನೋಡಿದಳು. ಕೊನೆಗೆ, "ನಾನು ತಿಂದ ಅನ್ನ ಅದು. ನೀನು ಹೇಳವ್ವ, ಮೊಬೈಲಲ್ಲಿ ನಾನು ಹಿಡೀತೀನಿ" ಎಂದಳು.

ಭಾನುವಾರ ನೀಲಗಂಗಮ್ಮ ಎದ್ದಾಗ ಸಭೆ ಸ್ತೋತ್ರಕ್ಕೆ ಬಾಯಿ ತೆರೆದು ಕೂತಿತ್ತು.

"ಬಸ್ಸು ನಿಲ್ಸಿದ್ದು ಚಂದ್ರಯ್ಯ. ಅರಕಲಗೂಡಿನ ಚಂದ್ರಯ್ಯ," ಎಂದು ಶುರು ಮಾಡಿದಳು. "ನನ್ ಹತ್ರ ದುಡ್ಡಿರ್ನಿಲ್ಲ, ಕೊಟ್ಟೂ ಇಲ್ಲ. ಕೊಟ್ಟೆ ಅಂತ ಸುಳ್ಳೇಳಿ ಅವ್ರ ಅನ್ನ ಕಿತ್ಕಂಡೆ. ಅವ್ರು ಕಳ್ರಲ್ಲ. ಕಳ್ಳಿ ನಾನು. ದ್ಯಾವ್ರು ಅವತ್ತು ನನ್ ಕೈ ಬುಡ್ನಿಲ್ಲ, ನಾನು ಅವ್ರ ಕೈ ಬುಟ್ಟೆ."

ಯಾರೂ ಸ್ತೋತ್ರ ಅನ್ನಲಿಲ್ಲ. ಪಾಸ್ಟರು ಕೆಮ್ಮಿ, ಹಾಡಿನ ನಂಬರು ಹೇಳಿದರು. ಆರಾಧನೆ ಮುಗಿದ ಮೇಲೆ ಪ್ರತಿ ವಾರ ಕೈ ಕುಲುಕುತ್ತಿದ್ದ ಹೆಂಗಸರಿಗೆ ಅವತ್ತು ಚಪ್ಪಲಿ ಹುಡುಕುವ ಅವಸರ. ಸೌಜನ್ಯ ಅಂಗಳದಲ್ಲೇ ನಿಂತು ವಿಡಿಯೋವನ್ನು ಬೈರಮ್ಮನಿಗೆ ಕಳಿಸಿದಳು.

ಗುರುವಾರ ಬೆಳಿಗ್ಗೆ ಅಮ್ಮ ಮಗಳು ಹಿರೀಸಾವೆಯಲ್ಲಿ ಹಾಸನದ ಬಸ್ಸು ಹತ್ತಿದರು. ಈಗ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ದುಡ್ಡಿಲ್ಲ. ಆಧಾರ್ ತೋರಿಸಿದರೆ ಕಂಡಕ್ಟರು ಸೊನ್ನೆಯ ಟಿಕೆಟ್ ಹರಿದು ಕೊಡುತ್ತಾನೆ. ನೀಲಗಂಗಮ್ಮ ಅದನ್ನು ಮುಷ್ಟಿಯಲ್ಲಿ ಹಿಡಿದು ಕೂತಳು. ಪಟ್ಟಣ ದಾಟಿದ ಮೇಲೆ ಫೋನು ಬಂತು. ಬೈರಮ್ಮ.

"ನೋಡ್ದೆ. ನಮ್ ಬೀದಿಯೋರ್ಗೆಲ್ಲ ತೋರಿಸ್ದೆ." ಆಮೇಲೆ ಬೀದಿಯ ಗದ್ದಲದಿಂದ ಆಚೆ ಬಂದು ಅಂದಳು, "ಅವ್ರು ಇದ್ದಾಗ ಯೋಳ್ಬೇಕಿತ್ತು ಕಣಮ್ಮ." ಫೋನು ಇಟ್ಟಳು.

ನೀಲಗಂಗಮ್ಮ ಕಿಟಕಿಯಾಚೆ ಹುಣಸೆಮರವನ್ನು ಹುಡುಕಿದಳು. ರಸ್ತೆ ಅಗಲ ಮಾಡಿದಾಗ ಹುಣಸೆಮರ ಕಡಿದಿದ್ದರು. ಆ ಜಾಗ ಇದೇ ಇರಬೇಕು ಎಂದುಕೊಳ್ಳುವಷ್ಟರಲ್ಲಿ ಬಸ್ಸು ದಾಟಿಬಿಟ್ಟಿತು. ಒಂಬತ್ತು ದಿನದ ಮೇಲೆ ಪ್ರಾರ್ಥನೆಗೆ ಅವಳ ನಾಲಿಗೆ ಹೊರಳಿತು. 'ಮುಂದೆ ಎರಡು ಗಳಿಗೇಲಿ ನಾನು ಸುಳ್ಳೇಳ್ತೀನಿ ಅಂತ ನಿಂಗೆ ಗೊತ್ತಿತ್ತು. ಗೊತ್ತಿದ್ದೂ ನಿಲ್ಸಿದೆ. ಒಳ್ಳೇ ಮನ್ಸನ್ನೇ ಕಳಿಸ್ದೆ.' ಆ ಯೋಚನೆ ಗಂಟಿಗಿಂತ ಹೆಚ್ಚು ನೋಯಿಸಿತು. ಆದರೆ ಇಷ್ಟು ವರ್ಷ ಹಿಡಿದಿದ್ದ ಕೋಲಿನಂತೆ ಬಾಗಲಿಲ್ಲ. ಭಾರ ಹಾಕಿದರೆ ತಡೆಯಿತು. ಅವಳು ಅದಕ್ಕೇ ಒರಗಿದಳು.

ಟಿಕೆಟ್ ಬೆವರಿಗೆ ಒದ್ದೆಯಾಗಿತ್ತು. ಯಾರಾದರೂ ತಪಾಸಣೆಗೆ ಹತ್ತಿದರೆ ತೋರಿಸಬೇಕೆಂದು, ಅವರು ಕೇಳಿದ್ದಕ್ಕೆ ಈ ಸಲ ಸರಿಯಾಗಿ ಉತ್ತರ ಹೇಳಬೇಕೆಂದು, ಮುಷ್ಟಿ ಬಿಡದೆ ಬಾಗಿಲನ್ನೇ ನೋಡುತ್ತ ಕೂತಳು. ಹಾಸನ ಬರುವವರೆಗೂ ಯಾರೂ ಬಂದು ಕೇಳಲಿಲ್ಲ.