ಮೂವತ್ತನಾಲ್ಕು ಅಂಕದ ಟೀಚರ್

ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಅಂಕ ಕೊಟ್ಟ ಲೆಕ್ಕದ ಟೀಚರಿಗೆ ಮೊದಲ ಸಲ ಬೇರೆಯವರು ಅಂಕ ಕೊಟ್ಟರು. ನೂರಕ್ಕೆ ಮೂವತ್ತನಾಲ್ಕು. ಪಾಸಾಗಲು ಮೂವತ್ತೈದು ಬೇಕು ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಂದಂಕದಲ್ಲಿ ನಪಾಸಾದ ಮಕ್ಕಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಗೋಗರೆಯುವುದನ್ನು ಎಷ್ಟೋ ಸಲ ನೋಡಿದ್ದವರು ಈಗ ತಾವೇ ಹೆಡ್‌ಮಾಸ್ಟರ ಬಾಗಿಲಲ್ಲಿ ನಿಂತಿದ್ದರು.

ಹೆಡ್‌ಮಾಸ್ಟರು ಆ ವರ್ಷವಷ್ಟೇ ಬಂದವರು. ಕೆಟ್ಟವರಲ್ಲ, ಆದರೆ ಫಾರಂ ಎಂದರೆ ಪ್ರಾಣ. ಬೀಸುವ ಗಾಳಿಗೂ ಒಂದು ಕಾಲಂ ಎಳೆಯುವ ಮನುಷ್ಯ. ‘ಶಿಕ್ಷಕರ ಗುಣಮಟ್ಟ ಮಾಪನ’ ಎಂಬ ಫಾರಂ ಅವರದೇ ಸೃಷ್ಟಿ. ಮಕ್ಕಳ ವಾರ್ಷಿಕ ಪರೀಕ್ಷೆಯ ಸರಾಸರಿಗೆ ಅರವತ್ತು, ಬೋರ್ಡಿನ ಅಂದಕ್ಕೆ ಇಪ್ಪತ್ತು, ತರಗತಿಯ ನಿಶ್ಶಬ್ದಕ್ಕೆ ಇಪ್ಪತ್ತು. ನಿಶ್ಶಬ್ದವನ್ನು ಅಳೆಯಲು ಅವರು ಕಾರಿಡಾರಿನಲ್ಲಿ ಗಡಿಯಾರ ಹಿಡಿದು ನಿಂತು, ಒಳಗಿಂದ ಸದ್ದು ಬಂದಾಗಲೆಲ್ಲ ಒಂದಂಕ ಕಳೆಯುತ್ತಿದ್ದರು. ಲೆಕ್ಕದ ಟೀಚರ ಇಪ್ಪತ್ತೂ ನಾಲ್ಕೇ ನಿಮಿಷದಲ್ಲಿ ಖಾಲಿಯಾಯಿತು. ಪೂರ್ತಿ ಇಪ್ಪತ್ತು ಪಡೆದವರು ಚಿತ್ರಕಲೆ ಮೇಷ್ಟ್ರೊಬ್ಬರೇ. ಊಟದ ನಂತರದ ಅವರ ಪೀರಿಯಡ್ಡಿನಲ್ಲಿ ಮೊದಲು ಅವರು ನಿದ್ದೆ ಹೋಗುತ್ತಿದ್ದರು, ಆಮೇಲೆ ಮಕ್ಕಳು.

ಬೋರ್ಡಿಗೆ ಒಂಬತ್ತು ಸಿಕ್ಕಿತ್ತು. ಬರೆದು ಒರೆಸಿ, ಒರೆಸಿ ಬರೆದು ಅವರ ಬೋರ್ಡು ಯಾವಾಗಲೂ ಬೂದಿ ಬಳಿದ ಹಾಗಿರುತ್ತಿತ್ತು. ಮಕ್ಕಳ ಸರಾಸರಿಗೆ ಇಪ್ಪತ್ತೈದು.

“ಸಾರ್, ನಾನು ತಗೊಂಡಿರೋದು ಸಿ ಸೆಕ್ಷನ್ನು. ಎ ಸೆಕ್ಷನ್ ಪಕ್ಕ ಇಟ್ಟು ತೂಗಿದ್ರೆ ಹೇಗೆ?”

“ಕುಣೀಲಾರದವಳು ನೆಲ ಡೊಂಕು ಅಂದ ಹಾಗಾಯ್ತು, ಟೀಚರ್. ಸಿ ಸೆಕ್ಷನ್ನೇ ಬೇಕು ಅಂತ ಕೇಳಿ ತಗೊಂಡಿದ್ದು ನೀವೇ ಅಲ್ವಾ?”

ಅದು ನಿಜವೇ. ಎಂಟನೇ ತರಗತಿಗೆ ಬರುವ ಮಕ್ಕಳಲ್ಲಿ ಹೆಚ್ಚು ಅಂಕದವರು ಎ, ನಡುವಿನವರು ಬಿ, ಉಳಿದವರೆಲ್ಲ ಸಿ. ಎಲ್ಲರಿಗಿಂತ ಹಿರಿಯರಾದ ಟೀಚರಿಗೆ ಬೇಕಾದ ಸೆಕ್ಷನ್ ಆರಿಸಿಕೊಳ್ಳುವ ಹಕ್ಕಿತ್ತು. ಪ್ರತಿ ವರ್ಷ ಅವರು ಸಿ ಎನ್ನುತ್ತಿದ್ದರು. ತ್ಯಾಗ ಗೀಗ ಏನೂ ಇಲ್ಲ. ಎ ಸೆಕ್ಷನ್ ಮಕ್ಕಳು ಟ್ಯೂಷನ್ನಿನಲ್ಲಿ ಎಲ್ಲ ಕಲಿತು ಬಂದು, ಲೆಕ್ಕ ಬರೆಯುವ ಮೊದಲೇ ಉತ್ತರ ಹೇಳಿಬಿಡುತ್ತಿದ್ದರು. ಇದೂ ಒಂದು ಕೆಲಸವೇ ಎಂದು ಬೇಸರವಾಗುತ್ತಿತ್ತು ಟೀಚರಿಗೆ. ಬಾರದವನಿಗೆ ಬರಿಸಿದಾಗ ಅವನ ಮುಖ ಅರಳುವುದನ್ನು ನೋಡುವ ಚಟ ಅವರಿಗೆ ಹತ್ತಿತ್ತು.

ಮೂವತ್ತೈದಕ್ಕಿಂತ ಕಡಿಮೆ ಬಂದವರಿಗೆ ಮುಂದಿನ ವರ್ಷ ತರಗತಿ ಇಲ್ಲ, ಸ್ಟೋರ್ ರೂಮಿನ ಉಸ್ತುವಾರಿ ಎಂದು ನಿಯಮ. ನಿವೃತ್ತಿಗೆ ಇನ್ನು ನಾಲ್ಕು ವರ್ಷ. ನಾಲ್ಕು ವರ್ಷ ಮುರಿದ ಬೆಂಚು ಎಣಿಸುತ್ತ ಕೂರುವುದನ್ನು ನೆನೆದು ಟೀಚರ್ ಬಾಗಿಲು ದಾಟಿ ಮೇಜಿನ ಹತ್ತಿರಕ್ಕೇ ಹೋದರು.

“ಮಕ್ಕಳು ಎಲ್ಲಿದ್ರು, ಎಲ್ಲಿಗೆ ಬಂದ್ರು ಅಂತ ನೋಡಿ ಸಾರ್. ಅದು ನ್ಯಾಯ.”

“ಆಗಲಿ, ಪುರಾವೆ ತನ್ನಿ. ಎಂಟು ದಿನಕ್ಕೆ ಆಡಳಿತ ಮಂಡಳಿ ಸಭೆ ಇದೆ. ಅಲ್ಲೇ ತೋರಿಸಿ.”

ಪುರಾವೆ ಇತ್ತು. ಆದರೆ ಟೀಚರ ಹತ್ತಿರ ಇರಲಿಲ್ಲ. ಅವರದೊಂದು ಪದ್ಧತಿ: ವರ್ಷದ ಮೊದಲ ದಿನ ಇಡೀ ವರ್ಷದ ಪಾಠದ ಮೇಲೆ ಐವತ್ತು ಅಂಕದ ಪರೀಕ್ಷೆ. ಬರೆದಿದ್ದನ್ನು ನೋಡದೆ ಕವರಿಗೆ ಹಾಕಿ ಅಂಟಿಸಿಬಿಡುವುದು. ನೋಡಿದರೆ ಇವನು ದಡ್ಡ, ಇವಳು ಜಾಣೆ ಎಂದು ತಲೆಯಲ್ಲಿ ಕೂತುಬಿಡುತ್ತದೆ ಎಂಬ ಭಯ. ಕೊನೆಯ ದಿನ ಅದೇ ಪ್ರಶ್ನೆಪತ್ರಿಕೆ ಮತ್ತೆ. ಆಮೇಲೆ ಉತ್ತರಗಳನ್ನು ಬೋರ್ಡಿನಲ್ಲಿ ಬರೆದು ಎರಡನ್ನೂ ಮಕ್ಕಳಿಂದಲೇ ತಿದ್ದಿಸುವುದು. “ಅದು ನೀನು, ಇದೂ ನೀನೇ. ಮನೆಗೆ ತಗೊಂಡು ಹೋಗು” ಎಂದು ಕಳಿಸುವುದು. ಇಪ್ಪತ್ತೆಂಟು ವರ್ಷದಲ್ಲಿ ಒಂದೇ ಒಂದು ಪತ್ರಿಕೆಯನ್ನೂ ಅವರು ಇಟ್ಟುಕೊಂಡಿರಲಿಲ್ಲ, ಒಂದು ಅಂಕವನ್ನೂ ಬರೆದುಕೊಂಡಿರಲಿಲ್ಲ.

“ಲೆಕ್ಕದ ಟೀಚರಂತೆ!” ಎಂದರು ಮನೆಯಲ್ಲಿ ಅವರ ಯಜಮಾನರು. ಅವರು ದರ್ಜಿ. ಹೊಸ ಬಟ್ಟೆ ಹೊಲಿಯುವುದು ಅಪರೂಪ. ಹರಿದಿದ್ದು, ಬಿಗಿಯಾಗಿದ್ದು, ಉದ್ದವಾಗಿದ್ದು ಸರಿ ಮಾಡಿಕೊಡುವುದೇ ದಂಧೆ. “ನಾನು ಒಬ್ಬರ ಸೊಂಟದ ಅಳತೆಯಾದ್ರೂ ಬರ್ಕೊಳ್ತೀನಿ. ನೀನು ಅಳತೆ ತಗೊಂಡು ಅವರ ಜೇಬಿಗೇ ಹಾಕಿ ಕಳಿಸಿದ್ದೀಯ.”

“ಹಂಗಿಸ್ಬೇಡಿ. ಸೈಕಲ್ ಗಾಳಿ ನೋಡಿ ಕೊಡಿ.”

ಶಾಲೆಗೆ ರಜೆ ಬಿದ್ದು ವಾರವಾಗಿತ್ತು. ನಲವತ್ತೊಂದು ಮಕ್ಕಳು, ನಲವತ್ತೊಂದು ಮನೆ. ಮೊದಲನೆಯ ಮನೆಯ ತಾಯಿ ಟೀಚರನ್ನು ಕಂಡವಳೇ ಒಳಗೆ ಹೋಗಿ ಮಗನ ಬೆನ್ನಿಗೆ ಎರಡು ಗುದ್ದಿ, ಆಮೇಲೆ ಹೊರಗೆ ಬಂದು “ಏನು ಮಾಡಿದಾನೆ ಟೀಚರ್?” ಎಂದು ಕೇಳಿದಳು. ಏನೂ ಮಾಡಿಲ್ಲ ಎಂದಾಗ ಅವಳಿಗೆ ಪೆಚ್ಚೆನಿಸಿತು, ಮಗನಿಗೆ ರೋಷ ಉಕ್ಕಿತು. ಅಲ್ಲಿಂದ ಮುಂದೆ ಟೀಚರ್ ಬೀದಿಯಿಂದಲೇ “ಯಾರೂ ಏನೂ ಮಾಡಿಲ್ಲ!” ಎಂದು ಕೂಗಿಕೊಂಡೇ ಹೋಗತೊಡಗಿದರು. ಅದನ್ನು ಕೇಳಿ ಏನೋ ಆಗಿದೆ ಎಂದು ಅಕ್ಕಪಕ್ಕದವರೆಲ್ಲ ಕಿಟಕಿಗೆ ಬಂದರು.

ಒಂದು ಮನೆಯಲ್ಲಿ ಪತ್ರಿಕೆ ಕುಂಟುವ ಮೇಜಿನ ಕಾಲ ಕೆಳಗಿತ್ತು. ಅದನ್ನು ತೆಗೆದರೆ ಮೇಜು ಕುಂಟುತ್ತದೆಂದು ಟೀಚರ್ ತಮ್ಮ ಚೀಲದಲ್ಲಿದ್ದ ಹಳೆಯ ಬಸ್ ಟಿಕೆಟ್ಟುಗಳನ್ನೆಲ್ಲ ಮಡಚಿ ಕೊಡಬೇಕಾಯಿತು. ಇನ್ನೊಂದು ಕಡೆ ಅಜ್ಜಿ ಅದನ್ನು ತನ್ನ ಔಷಧಿ ಚೀಟಿಗಳ ಜೊತೆ ಜೋಪಾನ ಮಾಡಿದ್ದಳು. ಡಾಕ್ಟರಿಗೆ ಎರಡು ಸಲ ತೋರಿಸಿಯೂ ಆಗಿತ್ತಂತೆ. ಮತ್ತೊಬ್ಬ ಮೊದಲ ದಿನದ ಪತ್ರಿಕೆಯನ್ನು ಸುಟ್ಟು, ಕೊನೆಯದನ್ನು ಮಾತ್ರ ಕನ್ನಡಿಯ ಪಕ್ಕ ಅಂಟಿಸಿಕೊಂಡಿದ್ದ. ಅವನನ್ನು ಬೈಯಲು ಟೀಚರಿಗೆ ಮನಸ್ಸೇ ಬರಲಿಲ್ಲ.

ಏಳನೇ ದಿನದ ಸಂಜೆಗೆ ಮೂವತ್ತೈದು ಜೋಡಿ ಸಿಕ್ಕಿದ್ದವು. ಯಜಮಾನರು ಬಟ್ಟೆ ಕತ್ತರಿಸುವ ಮೇಜನ್ನು ಖಾಲಿ ಮಾಡಿಕೊಟ್ಟರು. ಮೊದಲ ದಿನ ಸರಾಸರಿ ಒಂಬತ್ತು. ಕೊನೆಯ ದಿನ ಇಪ್ಪತ್ತೊಂದು. ನಾಲ್ಕರಿಂದ ಹತ್ತೊಂಬತ್ತಕ್ಕೆ ಹೋದವನಿದ್ದ, ಸೊನ್ನೆಯಿಂದ ಹದಿನೇಳಕ್ಕೆ ಬಂದವಳಿದ್ದಳು. ಟೀಚರ್ ಕೂಡಿದ್ದನ್ನೇ ಮೂರು ಸಲ ಕೂಡಿದರು, ತಪ್ಪಿರಬಹುದೆಂದಲ್ಲ, ಖುಷಿಗೆ.

ಬಾಗಿಲಲ್ಲಿ ಒಬ್ಬ ಹುಡುಗಿ ನಿಂತಿದ್ದಳು. ಟೀಚರ್ ಹೋದಾಗ ಅವಳ ಮನೆಗೆ ಬೀಗ ಹಾಕಿತ್ತು. ಸುದ್ದಿ ಕೇಳಿ ತಾನೇ ತಂದಿದ್ದಳು. ಬೇರೆ ಶಾಲೆಯಿಂದ ಬಂದು, ಅರ್ಜಿ ಕೊಡುವಷ್ಟರಲ್ಲಿ ಎ ಸೆಕ್ಷನ್ ತುಂಬಿದ್ದರಿಂದ ಸಿ ಸೆಕ್ಷನ್ನಿಗೆ ಬಿದ್ದವಳು. ಗೋಡೆ ಪಕ್ಕದ ಬೆಂಚಿನ ಮೌನಿ. ಮೊದಲ ದಿನ ಮೂವತ್ತೆಂಟು. ಕೊನೆಯ ದಿನ ಮೂವತ್ತೇಳು.

ಟೀಚರ್ ಮತ್ತೆ ತಿದ್ದಿ ನೋಡಿದರು. ಮೂವತ್ತೇಳೇ.

“ಒಂದು ವರ್ಷದಲ್ಲಿ ನಿಂಗೆ ಏನೂ ಹೊಸದು ಬರ್ಲಿಲ್ವೇನಮ್ಮಾ?”

“ನಂಗೆ ಬರುತ್ತೆ ಅಂತ ನಿಮ್ಗೆ ಗೊತ್ತಿತ್ತಲ್ಲ ಟೀಚರ್. ಅದಕ್ಕೇ ನೀವು ನನ್ನ ಕಡೆ ಬರ್ತಿರ್ಲಿಲ್ಲ.” ಅವಳ ದನಿಯಲ್ಲಿ ದೂರೇನೂ ಇರಲಿಲ್ಲ. ಮಳೆ ಬರ್ತಿದೆ ಅನ್ನುವ ಹಾಗೆ ಹೇಳಿ ಹೋದಳು.

ಟೀಚರಿಗೆ ನಾಚಿಕೆಯಾಯಿತು. ಮೂವತ್ತನಾಲ್ಕು ಅಂಕ ಬಂದಾಗ ಆಗಿದ್ದು ಅವಮಾನ, ಇದು ಬೇರೆ. ಅವಳ ಬೆಂಚಿನ ಹತ್ತಿರ ಹೋದಾಗಲೆಲ್ಲ “ನಿಂಗೆ ಬರುತ್ತಲ್ಲ, ಪಕ್ಕದವಳಿಗೆ ಹೇಳ್ಕೊಡು” ಎಂದಿದ್ದು ನೆನಪಾಯಿತು. ಅಂಕ ನೋಡಿ ದಡ್ಡ ಜಾಣೆ ಎನ್ನಬಾರದೆಂದು ಕವರು ಅಂಟಿಸಿದವರು, ಎರಡನೇ ವಾರದಲ್ಲೇ ಇವಳನ್ನು ಜಾಣೆ ಎಂದು ಅಂಟಿಸಿ ಮೂಲೆಗಿಟ್ಟಿದ್ದರು.

“ಹೇಗೂ ಐದಾರು ಸಿಕ್ಕಿಲ್ಲ. ಇದೂ ಸಿಕ್ಕಿಲ್ಲ ಅಂದ್ಕೋ” ಎಂದರು ಯಜಮಾನರು ಮೆಲ್ಲಗೆ. “ಇದೊಂದು ನೋಡಿದ್ರೆ ಆ ಮನುಷ್ಯ ಇದನ್ನೇ ಹಿಡ್ಕೋತಾನೆ.”

ಟೀಚರ್ ಪತ್ರಿಕೆಗಳನ್ನು ಕಟ್ಟಿಟ್ಟರು. ಆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಸಭೆಯಲ್ಲಿ ಮಂಡಳಿಯ ಅಧ್ಯಕ್ಷೆ ನಡುವೆ, ಎಡಕ್ಕೆ ಹೆಡ್‌ಮಾಸ್ಟರು, ಬಲಕ್ಕೆ ಮೇಷ್ಟ್ರುಗಳ ಪರವಾಗಿ ಎ ಸೆಕ್ಷನ್ನಿನ ಲೆಕ್ಕದ ಮೇಷ್ಟ್ರು. ತೊಂಬತ್ತೊಂದು ಅಂಕ ಪಡೆದು ಮೊದಲ ಸ್ಥಾನದಲ್ಲಿದ್ದವರು ಇವರೇ. ಟೀಚರ್ ಕಟ್ಟನ್ನು ಮೇಜಿನ ಮೇಲಿಟ್ಟರು. ಹುಡುಗಿಯ ಪತ್ರಿಕೆಯೇ ಎಲ್ಲಕ್ಕಿಂತ ಮೇಲಿತ್ತು.

ಯಜಮಾನರು ಹೇಳಿದ್ದು ಸುಳ್ಳಾಗಲಿಲ್ಲ. ಹೆಡ್‌ಮಾಸ್ಟರು ಅದನ್ನೇ ಎತ್ತಿಕೊಂಡರು. “ಇದೇನು ಟೀಚರ್, ಇವಳು ಹಿಂದಕ್ಕೆ ಹೋಗಿದಾಳಲ್ಲ?”

“ಹೌದು ಸಾರ್. ನಿಮ್ಮ ಫಾರಂ ತೆಗೀರಿ. ನನಗೆ ಬಂದ ಇಪ್ಪತ್ತೈದು ಅಂಕದಲ್ಲಿ ಇವಳ ಪಾಲೇ ಎಲ್ಲರಿಗಿಂತ ಹೆಚ್ಚು. ಇಡೀ ತರಗತೀಲಿ ನಾನು ಏನೂ ಕಲಿಸದೆ ಬಿಟ್ಟಿದ್ದು ಇವಳೊಬ್ಬಳಿಗೇ. ಸೊನ್ನೆಯಿಂದ ಹದಿನೇಳಕ್ಕೆ ಬಂದವಳು ನಿಮ್ಮ ಲೆಕ್ಕದಲ್ಲಿ ನನ್ನ ಅಂಕ ಕೆಳಗೆ ಎಳೆದಿದಾಳೆ. ನನ್ನ ತಪ್ಪಿಗೆ ಬಹುಮಾನ, ಕೆಲಸಕ್ಕೆ ದಂಡ.”

ಹೆಡ್‌ಮಾಸ್ಟರು ಫಾರಂ ನೋಡಿದರು, ಪತ್ರಿಕೆ ನೋಡಿದರು, ಇನ್ನೊಂದು ಕಾಲಂ ಎಳೆಯಲು ಜಾಗವಿದೆಯೇ ಎಂದು ಅಂಚು ನೋಡಿದರು. ಎ ಸೆಕ್ಷನ್ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು.

“ಸಾರ್, ಆ ಹುಡುಗಿ ಥರದವರು ನನ್ನ ಕ್ಲಾಸಲ್ಲಿ ನಲವತ್ತು ಜನ ಇದಾರೆ.”

ಅಧ್ಯಕ್ಷೆ ನಕ್ಕುಬಿಟ್ಟರು. ಮುಂದಿನ ವರ್ಷ ಎಲ್ಲ ಸೆಕ್ಷನ್ನಿನಲ್ಲೂ ಮೊದಲ ದಿನದ ಪರೀಕ್ಷೆ ಆಗಲಿ, ಪತ್ರಿಕೆಗಳು ಕಚೇರಿಯಲ್ಲಿರಲಿ, ಟೀಚರಿಗೆ ಸಿ ಸೆಕ್ಷನ್ನೇ ಇರಲಿ ಎಂದು ತೀರ್ಮಾನವಾಯಿತು. ಹೊಸ ಫಾರಂ ಮಾಡುವ ಅವಕಾಶ ಸಿಕ್ಕಿದ್ದಕ್ಕೆ ಎಲ್ಲರಿಗಿಂತ ಹೆಚ್ಚು ಹಿಗ್ಗಿದವರು ಹೆಡ್‌ಮಾಸ್ಟರೇ.

ಟೀಚರ್ ಮನೆಗೆ ಹೋಗಲಿಲ್ಲ. ಸೈಕಲ್ಲನ್ನು ನೇರ ಆ ಹುಡುಗಿಯ ಮನೆಗೆ ತಿರುಗಿಸಿದರು.

“ನಿಂಗೆ ಬಾರದ್ದು ಏನಿದೆ, ತೋರ್ಸು.”

ಯಾರೂ ಕೇಳದ ಪ್ರಶ್ನೆಗೆ ಹುಡುಗಿ ತುಸು ತಬ್ಬಿಬ್ಬಾದಳು. ಆಮೇಲೆ ಒಳಗೆ ಓಡಿ, ನಾಲ್ಕು ತರಗತಿ ಮುಂದಿನ ಪುಸ್ತಕವೊಂದನ್ನು ತಂದು, ಕೊನೆಯ ಕಡೆಯ ಒಂದು ಪುಟ ಬಿಡಿಸಿದಳು. ಆ ಪುಟ ಎಷ್ಟೋ ಸಲ ತೆರೆದು ಮುಚ್ಚಿ ಮೆತ್ತಗಾಗಿತ್ತು. ಟೀಚರ್ ಕನ್ನಡಕ ಏರಿಸಿ ಓದಿದರು, ಇಳಿಸಿ ಓದಿದರು.

“ಇದು ನಂಗೂ ಬರಲ್ಲ ಕಣೇ,” ಎಂದರು. “ಪೆನ್ಸಿಲ್ ತಾ. ಪಕ್ಕದಲ್ಲಿ ಕೂತ್ಕೋ.”