ಬೋರ್ಡಿಗೂ ಕುಂಕುಮ

ಆಯುಧ ಪೂಜೆಯ ದಿನ ಫ್ರೀಮಾಂಟಿನ ನಮ್ಮ ಗರಾಜಿನಲ್ಲಿ ಅತ್ತೆ ಎರಡೂ ಕಾರಿಗೆ ಕುಂಕುಮ ಇಟ್ಟರು, ಲ್ಯಾಪ್‌ಟಾಪಿಗೂ ಇಟ್ಟರು. ಅಲೆಯ ಮೇಲೆ ನಿಂತು ಜಾರುವ ನನ್ನ ಸರ್ಫ್ ಬೋರ್ಡಿಗೆ ಮಾತ್ರ ಇಡಲಿಲ್ಲ.

"ಇಂಡೋನೇಷ್ಯಾದಲ್ಲಿ ನಿನ್ನನ್ನ ಹವಳದ ಬಂಡೆಗೆ ಅಪ್ಪಳಿಸಿ ಕಾಲು ಸೀಳಿದ್ದು ಇದೇ ತಾನೆ? ಮತ್ತೆ ಅಲ್ಲಿಗೇ ಹೊರಟಿದ್ದೀಯ. ಇಡಲ್ಲ," ಎಂದರು.

"ನಿಮ್ಮ ಮಗ ಈ ಕಾರನ್ನ ಫ್ರೀವೇನಲ್ಲಿ ಎರಡು ಸಲ ಗುದ್ದಿಸಿದ್ರಲ್ಲ ಅತ್ತೆ, ಅದಕ್ಕೆ ಇಟ್ರಿ!" ಎಂದು ಕುಂಕುಮದ ಬಟ್ಟಲು ಕಿತ್ತುಕೊಂಡು ಬೋರ್ಡಿಗೆ ನಾನೇ ಬೊಟ್ಟು ಇಟ್ಟೆ.

ಕಾಲು ಜಾರದಿರಲಿ ಎಂದು ಬೋರ್ಡಿಗೆ ಹಚ್ಚಿದ್ದ ಮೇಣಕ್ಕೆ ಕುಂಕುಮ ಕಚ್ಚಿಕೊಂಡಿತು. ಹೊರಡುವ ಮುಂಚೆ ಹಳೆಯ ಮೇಣ ಕೆರೆದಾಗ ಆ ಬೊಟ್ಟನ್ನು ಮಾತ್ರ ಮುಟ್ಟಲಿಲ್ಲ.

ಇಂಡೋನೇಷ್ಯಾದಲ್ಲಿ ಅದೇ ಬಂಡೆಯ ಮೇಲೆ ಏಳುವ ಅದೇ ಅಲೆ ಎರಡು ಸಲ ನನ್ನನ್ನು ಉರುಳಿಸಿತು. ಮೂರನೆಯ ಸಲ ಬೋರ್ಡಿನ ಮೇಲೆ ಎದ್ದು ನಿಂತೆ. ದಡಕ್ಕೆ ಬಂದವಳೇ ಅತ್ತೆಗೆ ಫೋಟೋ ಕಳಿಸಿದೆ: ಕಾಲು ಎರಡೂ ಇವೆ, ಬೊಟ್ಟೂ ಇದೆ.